ಹಸಿ ಅಕ್ಕಿಯ ರುಚಿ

ಅಣ್ಣಾ ನಗರದ ಅಡ್ಡರಸ್ತೆಯೊಂದರಲ್ಲಿ ಸಂತೋಷ್ ನಡೆಸುವ ಸಸ್ಯಾಹಾರಿ ಹೋಟೆಲು. ಅದರ ಮೇಲೆಯೇ ಮನೆ. ದೋಸೆಗೆ ನೆನೆಹಾಕಿದ ಅಕ್ಕಿಯ ವಾಸನೆ ಮಧ್ಯಾಹ್ನ ಮೆಟ್ಟಿಲೇರಿ ಬಂದರೆ ಅವನ ಹೆಂಡತಿ ಸುಮತಿಗೆ ಬೇರೇನೂ ಬೇಡವಾಗುತ್ತಿತ್ತು. ಡಬ್ಬಿಯಿಂದ ಒಂದು ಹಿಡಿ ಹಸಿ ಅಕ್ಕಿ ತೆಗೆದುಕೊಂಡು ಕಿಟಕಿಯ ಬಳಿ ಕೂತು ಅಗಿಯುವಳು. ಹಾಲಿನಂಥ ತಂಪು ನಾಲಿಗೆಗೆ ಇಳಿಯುತ್ತಿದ್ದಂತೆ ಹೊರಗಿನ ಮರಗಳು ನೀರಿನಡಿಯಲ್ಲಿ ನಿಂತ ಹಾಗೆ ತೂಗುತ್ತಿದ್ದವು. ಬಸ್ಸುಗಳು ಸದ್ದಿಲ್ಲದೆ ತೇಲಿ ಹೋಗುತ್ತಿದ್ದವು. ಊಟ ಸೇರುತ್ತಿರಲಿಲ್ಲ. ನಾಲ್ಕು ತುತ್ತು ಮೊಸರನ್ನ, ಅದರ ಮೇಲೆ ದೊಡ್ಡ ಲೋಟ ಕಾಫಿ, ಅಷ್ಟೇ.

ಇದು ಕಾಯಿಲೆಯೆಂದು ಅವಳಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ಅವಳಿಗದು ಇಷ್ಟವಾಗಿತ್ತು.

ಒಂದು ಸಂಜೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಕಾಲೇಜಿನಿಂದ ಬಂದ ಮಗಳು ವೀಕ್ಷಾಳ ತೊಡೆಯ ಮೇಲೆ ತಲೆಯಿತ್ತು. "ಅಮ್ಮಾ, ಎನ್ನಾಚ್ಚು?" ಎಂದು, ಏನಾಯಿತೆಂದು ತಮಿಳಿನಲ್ಲೇ ಕೇಳುತ್ತ ಹುಡುಗಿ ಅಳುತ್ತಿದ್ದಳು.

ಡಾಕ್ಟರಮ್ಮ ರಕ್ತದ ವರದಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಆಮೇಲೆ ಮೆಲ್ಲನೆ, "ಹಸಿ ಅಕ್ಕಿ ತಿನ್ನುತ್ತೀರಾ? ಒದ್ದೆ ಮಣ್ಣಿನ ವಾಸನೆಗೆ ಆಸೆಯಾಗುತ್ತದಾ?" ಎಂದು ಕೇಳಿದರು.

ನಾಚಿಕೆಗೆ ಮುಖ ಕೆಂಪಾಗಲು ಸುಮತಿಯ ಮೈಯಲ್ಲಿ ರಕ್ತವಾದರೂ ಎಲ್ಲಿತ್ತು? ಹೌದೆಂದು ತಲೆಯಾಡಿಸಿದಳು.

ಮೈಯಲ್ಲಿ ಕಬ್ಬಿಣದ ಅಂಶ ಇಳಿದರೆ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರಮ್ಮ. ಮಾತ್ರೆ ಬರೆದುಕೊಟ್ಟು, ನುಗ್ಗೆಸೊಪ್ಪು, ಕಾಳು, ರಾಗಿ ದಿನವೂ ಹೊಟ್ಟೆಗೆ ಹೋಗಲಿ, ಜೊತೆಗೆ ನಿಂಬೆಹುಳಿ ಇರಲಿ, ಊಟದ ಮೇಲೆ ಕಾಫಿ ಮಾತ್ರ ಬೇಡ ಎಂದರು.

ಹೊರಗೆ ಬಂದ ಮೇಲೆ ಸಂತೋಷ್ ಕೇಳಿದ: "ಎಂತ ಮಾರಾಯ್ತಿ, ಊರಿಗೆಲ್ಲ ಊಟ ಹಾಕುವ ಮನೆಯಲ್ಲಿ ನೀನು ಹಸಿ ಅಕ್ಕಿ ತಿಂದದ್ದಾ? ನನ್ನತ್ರ ಹೇಳ್ಲಿಕ್ಕೆ ಆಗ್ಲಿಲ್ವಾ?"

"ನೀವು ನಗಾಡ್ತೀರಿ ಅಂತ."

ಅವನು ನಗಲಿಲ್ಲ. ಮರುದಿನದಿಂದ ಮಧ್ಯಾಹ್ನದ ಗಿರಾಕಿಗಳು ಕರಗುತ್ತಲೇ ಮೇಲೆ ಬಂದು, ಪೇಪರು ಹಾಸಿ, ನುಗ್ಗೆಸೊಪ್ಪು ಬಿಡಿಸತೊಡಗಿದ. ಪುಟ್ಟ ಎಲೆಗಳು ಅವನ ಅಂಗಿಗೆ, ಕೂದಲಿಗೆ ಅಂಟಿಕೊಳ್ಳುತ್ತಿದ್ದವು. ಕಾಯಿತುರಿ ಹಾಕಿ ಪಲ್ಯ ಮಾಡಿ, ನಿಂಬೆ ಹಿಂಡಿ, ಅವಳು ಉಂಡು ಏಳುವವರೆಗೂ ಎದುರಿಗೇ ಕೂತಿರುವನು. ಅವಳಿಗೆ ಎಲ್ಲ ಕಹಿ. ಕಾಫಿಯ ನೆನಪಾಗಿ ಕಣ್ಣು ತುಂಬುತ್ತಿತ್ತು. ಒಮ್ಮೊಮ್ಮೆ ಡಬ್ಬಿಗೆ ಕೈಹಾಕಿದ್ದೂ ಉಂಟು. ಅವನು ಕಂಡರೂ ಕಾಣದಂತೆ ತಟ್ಟೆ ಮುಂದೆ ಸರಿಸುತ್ತಿದ್ದ.

ತಿಂಗಳುಗಳು ಕಳೆದು ಮಳೆಗಾಲ ಬಂತು. ಒಂದು ಮಧ್ಯಾಹ್ನ ಯಾವುದೋ ಗುಂಗಿನಲ್ಲಿ ಸುಮತಿ ಡಬ್ಬಿಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಬರೀ ಅಕ್ಕಿ. ಗಟ್ಟಿ, ಸಪ್ಪೆ. ಬಹುಕಾಲ ಜೊತೆಗಿದ್ದವರು ಹೇಳದೆ ಮನೆಬಿಟ್ಟು ಹೋದ ಹಾಗೆ ತುಸು ಬೇಸರವಾಯಿತು. ಡಬ್ಬಿಯ ಮುಚ್ಚಳ ಹಾಕಿದಳು.

ಮಳೆ ಬಿಟ್ಟ ಒಂದು ಭಾನುವಾರ ಮೂವರೂ ಟವರ್ ಪಾರ್ಕಿಗೆ ಹೋದರು. ಗೋಪುರದೊಳಗೆ ಸುತ್ತಿ ಸುತ್ತಿ ಏರುವ ದಾರಿಯಲ್ಲಿ ಸುಮತಿ ಎಲ್ಲೂ ನಿಲ್ಲದೆ ನಡೆದಳು. ತುದಿಯಲ್ಲಿ ಜೋರು ಗಾಳಿ. ಕೆಳಗೆ ತೊಳೆದಿಟ್ಟಂಥ ಊರು, ತಾರಸಿಗಳ ಮೇಲೆ ನಿಂತ ನೀರಿನಲ್ಲಿ ಸಂಜೆಯ ಕೆಂಪು, ದೂರ ಪೂರ್ವಕ್ಕೆ ಕಡಲೋ ಮೋಡವೋ ತಿಳಿಯದ ಒಂದು ನೀಲಿ ಗೆರೆ.

ಸಂತೋಷ್ ಏದುಸಿರು ಬಿಡುತ್ತ ಹಿಂದಿನಿಂದ ಬಂದ. "ಸುಸ್ತಾಯ್ತಾ?"

"ಇಲ್ಲಪ್ಪ, ಹಸಿವಾಗ್ತಾ ಉಂಟು," ಎಂದಳು ಸುಮತಿ. "ಬೇಗ ಇಳಿಯುವ."