ಒಂದೆರಡು ಕಡೆ

ಅಕ್ಕ ಇಟ್ಟಿಗೆ ಗೂಡು ನಡೆಸುತ್ತಾಳೆ; ತಮ್ಮ ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆಯುತ್ತಾನೆ. ಒಡಹುಟ್ಟಿದವರು ಜಗಳವಾಡಲು ಇದಕ್ಕಿಂತ ಒಳ್ಳೆಯ ಉದ್ಯೋಗಗಳು ಹುಡುಕಿದರೂ ಸಿಗಲಾರವು. ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆ ಬಯಲಲ್ಲಿ ದಿನಗಟ್ಟಲೆ ಒಣಗಬೇಕು. ನಡುವೆ ಒಂದು ಜೋರು ಮಳೆ ಬಿತ್ತೋ, ಮುಗಿಯಿತು, ಮತ್ತೆ ಮಣ್ಣೇ. ಹಾಗಂತ ಸುಮ್ಮಸುಮ್ಮನೆ ಟಾರ್ಪಾಲು ಹೊದಿಸಿದರೆ ಒಳಗೇ ಬೆವೆತು ಒಣಗುವುದಿಲ್ಲ.

ಆ ದಿನ ಅಕ್ಕನ ಬಯಲಲ್ಲಿ ಇಪ್ಪತ್ತು ಸಾವಿರ ಇಟ್ಟಿಗೆ ಇತ್ತು. ಮರುದಿನ ಗೂಡಿಗೆ ಏರಿಸಬೇಕು. ಇತ್ತ ತಮ್ಮನ ಕಂಪ್ಯೂಟರಿನಲ್ಲಿ ಊರಿನ ಪೂರ್ವಕ್ಕೆ, ಸರಿಯಾಗಿ ಅವಳ ಬಯಲಿನ ಕಡೆಗೇ, ಮೋಡ ದಪ್ಪವಾಗುತ್ತಿತ್ತು. ಅವನು ನೇರವಾಗಿ ಬರೆದ: ‘ಪೂರ್ವಭಾಗದಲ್ಲಿ ಮೂರು ಗಂಟೆಯ ಹೊತ್ತಿಗೆ ಜೋರು ಮಳೆ. ಹೊರಗೆ ಒಣಗಲು ಇಟ್ಟದ್ದನ್ನು ಮುಚ್ಚಿಕೊಳ್ಳಿ.’

ಕಚೇರಿಯ ಸಾಹೇಬರು ಓದಿ ಹೌಹಾರಿದರು.

“ಏನಯ್ಯಾ ಇದು? ಮುಚ್ಕೊಳ್ಳಿ ಅನ್ನೋಕೆ ನಾವ್ಯಾರು? ಮಳೆ ಬರದೇ ಹೋದ್ರೆ? ಹೋದ ತಿಂಗಳು ಶಾಲೆ ಮುಚ್ಚಿಸಿ, ದಿನವಿಡೀ ಬಿಸಿಲು ಕಾಯ್ದು, ಜನ ಉಗಿದದ್ದು ಸಾಲದಾ?”

ಎರಡೂ ಸಾಲು ಹೊಡೆದುಹಾಕಿ ತಾವೇ ಕೈಯಾರೆ ಬರೆದರು: ‘ಒಂದೆರಡು ಕಡೆ ಸಾಧಾರಣದಿಂದ ಭಾರೀ ಮಳೆಯಾಗುವ ಸಾಧ್ಯತೆ ಇದೆ.’ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಈ ಮನುಷ್ಯನನ್ನು ಮೀರಿಸುವವರೇ ಇಲ್ಲ. ತಮ್ಮನಿಗೆ ಮೈಯೆಲ್ಲ ಉರಿಯಿತು.

ಹನ್ನೆರಡೂವರೆಗೆ ಅಕ್ಕನ ಫೋನು.

“ಮುಚ್ಚಲೋ ಬೇಡ್ವೋ? ಒಂದೇ ಮಾತಲ್ಲಿ ಹೇಳು.”

ಎದುರಿಗೇ ಸಾಹೇಬರು. ಪ್ರಕಟಣೆ ಬಿಟ್ಟು ಯಾರಿಗೂ ಏನೂ ಹೇಳಕೂಡದೆಂಬ ಸುತ್ತೋಲೆ ಗೋಡೆಯ ಮೇಲೆ. ಅವನು ಗಂಟಲು ಸರಿಮಾಡಿಕೊಂಡು ಓದಿದ: “ಒಂದೆರಡು ಕಡೆ...”

“ಲೋ, ಅದನ್ನ ರೇಡಿಯೋದವನೂ ಒದರ್ತಾನೆ. ಆ ಒಂದೆರಡು ಕಡೇಲಿ ನಮ್ಮ ಬಯಲು ಇದೆಯೋ ಇಲ್ವೋ?”

“ಹಾಗೆಲ್ಲ ಹೇಳೋಕಾಗಲ್ಲ ಅಕ್ಕಾ.”

“ಹೋದ ವಾರ ಮನೇಲಿ ಕೂತು ನೀನು ಹೇಳ್ದೆ ಅಂತ ಎರಡು ಸಲ ಹೊದಿಸ್ದೆ. ಒಂದು ಹನಿ ಬೀಳ್ಲಿಲ್ಲ. ಕೆಲಸದವರು ಮುಸಿಮುಸಿ ನಕ್ಕರು. ಆದ್ರೂ ಇವತ್ತು ಹೊದಿಸ್ತೀನಿ ಕಣೋ, ನೀನು ಹೂಂ ಅನ್ನು ಸಾಕು.”

ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಆದರೆ ಎರಡು ಸಲ ತಪ್ಪಿದವನಿಗೆ ನಾಲಿಗೆ ಏಳಲಿಲ್ಲ. ಸಾಹೇಬರು ಕನ್ನಡಕದ ಮೇಲಿಂದ ನೋಡುತ್ತಿದ್ದರು.

“ಸಾಧ್ಯತೆ ಇದೆ” ಅಂದ.

“ನಿನ್ನ ಸಾಧ್ಯತೆಗೆ ಬೆಂಕಿ ಹಾಕ! ಹೊದಿಸಲ್ಲ, ಹೋಗು” ಎಂದು ಅಕ್ಕ ಫೋನು ಇಟ್ಟಳು.

ಮೂರೂ ಹತ್ತಕ್ಕೆ ಪೂರ್ವಭಾಗದಲ್ಲಿ ಧೋ ಎಂದು ಶುರುವಾಗಿ ಒಂದು ಗಂಟೆ ಸುರಿಯಿತು. ಕಚೇರಿಯ ಅಂಗಳದಲ್ಲಿ ಚುರುಗುಟ್ಟುವ ಬಿಸಿಲು. ಅವನು ಏಳು ಸಲ ಫೋನು ಮಾಡಿದ. ಅಕ್ಕ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ದಾಖಲೆ ಪುಸ್ತಕದಲ್ಲಿ ಹಿಂದಿನ ದಿನದ ಮುನ್ಸೂಚನೆಯ ಮುಂದೆ ‘ಸರಿ’ ಎಂದು ಬರೆದು ಅವನ ಬೆನ್ನು ತಟ್ಟಿದರು.

“ನೋಡಿದ್ಯಾ? ಒಂದೆರಡು ಕಡೆ ಅಂದ್ವಿ, ಒಂದೆರಡು ಕಡೇನೇ ಬಂತು.”

ಆ ಪುಸ್ತಕವನ್ನು ಅವರ ತಲೆಯ ಮೇಲೇ ಕುಕ್ಕಿಬಿಡೋಣ ಅನ್ನಿಸಿತು ಅವನಿಗೆ. ಕಂಪ್ಯೂಟರಿನಲ್ಲಿ ಪೂರ್ವಕ್ಕೆ ಮತ್ತೆ ಮೋಡ. ಸುತ್ತೋಲೆ ಹಾಳಾಗಿಹೋಗಲಿ ಎಂದು ಸಾಹೇಬರ ಎದುರೇ ಫೋನು ಮಾಡಿದ. ಈ ಸಲ ಅಕ್ಕ ಎತ್ತಿದಳು.

“ಅಕ್ಕಾ, ಇವತ್ತೂ ಬರುತ್ತೆ. ನಿಮ್ಮ ಬಯಲಿಗೇ ಬರುತ್ತೆ. ಮುಚ್ಚಿಬಿಡು!” ಎಂದು ಕಚೇರಿಗೆಲ್ಲ ಕೇಳುವಂತೆ ಕೂಗಿದ.

ಅಕ್ಕನ ಹಿಂದೆ ಸಲಿಕೆಯಲ್ಲಿ ಕೆಸರು ಎತ್ತಿ ಹಾಕುವ ಸದ್ದು ಕೇಳುತ್ತಿತ್ತು.

“ಏನನ್ನ ಮುಚ್ಚಲೋ?” ಅಂದಳು.