ಅಮುಕಿದರೂ ಕೂರದ ಕೂಲರ್

ಒಂದೂರಿತ್ತು, ಊರ ಮಗ್ಗುಲಲ್ಲೊಂದು ಹೊಳೆ. ಆ ಊರಲ್ಲಿ ಮೋಡ ಹಿಂಜುವ ಅಪ್ಪನೊಬ್ಬ, ಅವನಿಗೊಬ್ಬಳು ಮಗಳು. ಮಗಳ ಹತ್ತಿರ ಒಂದು ಕರಿ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಇಡೀ ಮದುವೆ ಸೆರೆಯಾಗಿ ಕೂತಿತ್ತು. ಅದನ್ನು ಬಿಡಿಸಿ ಕೊಡುತ್ತೇನೆಂದು ಮಗಳು ಮಾತು ಕೊಟ್ಟಿದ್ದಳು. ಆದರೆ ಪೆಟ್ಟಿಗೆಗೆ ಜ್ವರ.

ಊರು ಹೊನ್ನಾಳಿ. ಮೋಡವೆಂದರೆ ಹತ್ತಿ. ಮಂಜೂರ್ ಸಾಹೇಬರ ಗಾದಿ ಅಂಗಡಿಯ ಮೂಲೆಯಲ್ಲಿ ಪ್ಲೈವುಡ್ ಅಡ್ಡ ನಿಲ್ಲಿಸಿಕೊಂಡು ಮಗಳು ಸಮ್ರೀನ್ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದಳು. ಜಾಗ ಸಾಲದೆಂದು ಕೊಂಡ ತೆಳ್ಳನೆಯ ಕಂಪ್ಯೂಟರ್ ಬೆಳಗಿನಿಂದ ಸಂಜೆವರೆಗೆ ಎತ್ತಿನಂತೆ ದುಡಿಯುತ್ತಿತ್ತು. ಅದರ ಪ್ರೊಸೆಸರ್ ಮೇಲೆ ಕೂತು ಬಿಸಿ ಹೀರುವ ಕೂಲರ್‌ನ ಪುಟ್ಟ ಫ್ಯಾನು ಹತ್ತಿಯ ನವಿರು ತುಂಬಿ ಸೋತುಹೋಗಿತ್ತು. ಎಲ್ಲ ಜೋಡಿಸಿ ವಿಡಿಯೊ ಹೊರತೆಗೆಯಲು ಬಿಟ್ಟರೆ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು.

ಆ ಮದುವೆಗಾಗಿ ಕಾಯುತ್ತಿದ್ದವಳು ಜಗಳೂರಿನ ಶಂಕ್ರಮ್ಮಜ್ಜಿ, ಮದುಮಗಳನ್ನು ಸಾಕಿ ಬೆಳೆಸಿದವಳು. ಮದುವೆಯ ಹಿಂದಿನ ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು. ನಾಳೆ ಬೆಳಿಗ್ಗೆ ದಾವಣಗೆರೆಯಲ್ಲಿ ಆಪರೇಷನ್. "ನನ್ ಹುಡುಗಿ ಕೊರಳಿಗೆ ತಾಳಿ ಬಿದ್ದದ್ದು ನೋಡದೆ ನಾನು ಆಸ್ಪತ್ರೆಗೆ ಬರಾಕಿಲ್ಲ," ಎಂದು ಹಟ ಹಿಡಿದಿದ್ದಳು. ಫೋನಿನಲ್ಲಿ ತೋರಿಸಲು ಹೋದರೆ, "ಇದ್ಯಾವ ಇರುವೆ ಮದುವೆರೋ? ಟೀವಿನಾಗೆ ತೋರಸ್ರಿ," ಎಂದು ಗೋಡೆಗೆ ಮುಖ ತಿರುಗಿಸಿದ್ದಳಂತೆ.

ಅದಕ್ಕೇ ಸಮ್ರೀನ್ ನಿನ್ನೆಯೇ ದಾವಣಗೆರೆಯ ಕಂಪ್ಯೂಟರ್ ಅಂಗಡಿಯ ಮಾಲತೇಶ್‌ಗೆ ಫೋನು ಮಾಡಿದ್ದಳು.

"ಎತ್ತರದ ಕೂಲರ್ ಆದ್ರೆ ಎಷ್ಟು ದುಡಿಸಿದ್ರೂ ತಣ್ಣಗಿರತೈತೆ. ಆದ್ರೆ ನಿಮ್ಮ ಕ್ಯಾಬಿನೆಟ್‌ನಾಗೆ ಅದು ತಲೆ ಬಗ್ಗಿಸ್ಕೊಂಡು ನಿಲ್ಲಬೇಕಷ್ಟೇ," ಎಂದು ಆತ ನಕ್ಕಿದ್ದ. "ಗಿಡ್ಡವು ಎರಡು ಅದಾವೆ. ತೀರಾ ಚಪ್ಪಟೆದು ಹಗುರ ಕೆಲಸಕ್ಕೆ. ನಿಮ್ಮ ಕೆಲಸಕ್ಕೆ ಅದಕ್ಕಿಂತ ಒಂಚೂರು ದಪ್ಪಂದೇ ಬೇಕು. ಒಳಗೆ ಜಾಗ ಎಷ್ಟೈತೆ, ಅಳತೆ ಹೇಳ್ರಿ."

ಸಮ್ರೀನಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಂಪ್ಯೂಟರಿನಿಂದ ಕಳಚಿದ ಬಾಗಿಲು. ಅಪ್ಪನೇ ಕೊರಳಿನ ಟೇಪು ತೆಗೆದು ಅಳೆದು ಹೇಳಿದ. "ಹಂಗಾದ್ರೆ ದಪ್ಪಂದೇ ಕೂರತೈತೆ ಬಿಡ್ರಿ," ಎಂದ ಮಾಲತೇಶ್, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಕಳಿಸಿದ.

ಕೂಲರ್ ಏನೋ ಕೂತಿತು. ಬಾಗಿಲು ಮಾತ್ರ ಮುಚ್ಚಲಿಲ್ಲ. ಒಂದು ಬೆರಳಷ್ಟು ಆಚೆಗೇ ನಿಂತಿತು.

"ಅಪ್ಪಾ, ನಿನ್ನೆ ಅಳತೆ ಹೆಂಗೆ ಹಿಡಿದ್ರಿ?"

"ಹೆಂಗೆ ಹಿಡೀತಾರೆ? ಗಾದಿ ಗವಸಿಗೆ ಹತ್ತಿ ಹಿಡಿದಂಗೆ. ಇರೋದಕ್ಕಿಂತ ಒಂದು ಬೆರಳು ಜಾಸ್ತಿ ಹೇಳಿದೆ. ಅಮುಕಿದ್ರೆ ಕೂರತೈತಲ್ಲ."

"ಅಪ್ಪಾ, ಅದು ಹತ್ತಿ ಅಲ್ಲ, ಲೋಹ!"

ವಿಡಿಯೊ ಒಯ್ಯಲು ಬಂದು ಬೆಂಚಿನ ಮೇಲೆ ಕೂತಿದ್ದ ಮದುಮಗಳ ಅಣ್ಣ ಕಲ್ಲೇಶ್, "ನಾನು ಹತ್ತಿ ಕೂತು ಅಮುಕ್ಲೇನ್ರಿ ಮಂಜೂರಣ್ಣ?" ಎಂದ. ಯಾರೂ ನಗಲಿಲ್ಲ. ಮಂಜೂರ್ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತ.

ಬೇರೆಯದನ್ನು ತರಿಸಲು ಹೊತ್ತಿಲ್ಲ. ಹಳೆಯದನ್ನು ಕೂರಿಸಿದರೆ ತಾಳಿಯ ಹೊತ್ತಿಗೆ ಮತ್ತೆ ಕತ್ತಲೆ. ಸಮ್ರೀನ್ ಬಾಗಿಲು ತೆರೆದೇ ಶುರು ಮಾಡಿದಳು. ಆದರೆ ಪ್ಲೈವುಡ್‌ನ ಆಚೆ ಹತ್ತಿ ಹಿಂಜುವ ಯಂತ್ರ ಗುಡುಗುತ್ತಿತ್ತು. ನವಿರು ಅಡ್ಡಗೋಡೆಯ ಮೇಲಿಂದ ಹಾರಿ ಬಂದು ಹೊಸ ಫ್ಯಾನಿನ ಬಾಯಿಗೇ ಬೀಳುತ್ತಿತ್ತು. ಅವಳು ಊದಿದಳು, ಸೆರಗಿನಿಂದ ಒರೆಸಿದಳು. ಅಷ್ಟರಲ್ಲಿ ಇನ್ನಷ್ಟು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಏರುತ್ತಲೇ ಇತ್ತು. ಕೊನೆಗೆ ತಾನೇ ನಿಲ್ಲಿಸಿ, ಎರಡೂ ಕೈಯನ್ನು ಮಡಿಲಲ್ಲಿಟ್ಟು ಕೂತುಬಿಟ್ಟಳು. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಅನ್ನದ ತಪ್ಪಲೆಯಲ್ಲೂ ಹತ್ತಿಯೇ. ಎತ್ತಿಕೊಂಡು ಹೋಗುವುದಾದರೂ ಎಲ್ಲಿಗೆ?

ಕಲ್ಲೇಶ್‌ನ ಫೋನು ಹೊಡೆದುಕೊಂಡಿತು. "ಹ್ಞೂಂ ಅಜ್ಜೀ... ಆತು, ಬಂದೆ... ಇಲ್ಲಬೇ, ಸುಳ್ಳಲ್ಲ." ಫೋನು ಇಟ್ಟು ನೆಲ ನೋಡಿದ. "ಊಟ ಬಿಟ್ಟು ಕುಂತಾಳಂತೆ."

ಒಮ್ಮೆಲೇ ಯಂತ್ರದ ಸದ್ದು ನಿಂತಿತು.

ಮಂಜೂರ್ ಯಂತ್ರ ಆರಿಸಿ, ಇವತ್ತು ಗಾದಿ ಆಗುವುದಿಲ್ಲವೆಂದು ಹೇಳಲು, ಸಂಜೆಗೆ ಅದನ್ನು ಒಯ್ಯಬೇಕಿದ್ದ ನ್ಯಾಮತಿಯ ಬೈಲಪ್ಪನಿಗೆ ಫೋನು ಹಚ್ಚಿದ್ದ. ಬೈಲಪ್ಪನ ದನಿ ಅಂಗಡಿ ತುಂಬ ಕೇಳುತ್ತಿತ್ತು. "ಬೀಗರು ಬಂದು ಕುಂತಾರೆ ಸಾಹೇಬ್ರೇ! ನೆಲದ ಮೇಲೆ ಮಲಗಸ್ಲೇನು?"

"ನಮ್ಮನೇವು ಒಯ್ರಿ. ಇವತ್ತೊಂದು ದಿನ ನಾವು ಚಾಪೆ ಮೇಲೆ ಮಲಗತೀವಿ."

"ನಿಮ್ಮ ಗಾದಿಗೆ ತಿಗಣೆ ಇದ್ರೆ?"

"ಇದ್ರೆ ಅವೂ ಬೀಗರೇ ಅಂತ ತಿಳ್ಕಳ್ರಿ," ಎಂದು ಫೋನು ಇಟ್ಟ. ಮಗಳ ಕಡೆ ನೋಡಲಿಲ್ಲ. ಚೊಂಬಿನಲ್ಲಿ ನೀರು ತಂದು ನೆಲಕ್ಕೆಲ್ಲ ಚಿಮುಕಿಸಿದ. ಗಾಳಿಯಲ್ಲಿದ್ದ ನವಿರು ಮೆಲ್ಲಗೆ ಇಳಿಯತೊಡಗಿತು. ಆಮೇಲೆ ತೇವದ ಪಂಚೆಯೊಂದನ್ನು ಅಡ್ಡಗೋಡೆಯ ಮೇಲೆ ಇಳಿಬಿಟ್ಟ.

ಸಮ್ರೀನ್ ಫ್ಯಾನು ಒರೆಸಿ ಮತ್ತೆ ಶುರು ಮಾಡಿದಳು. ಇನ್ನು ಮಾಡುವುದೇನೂ ಇರಲಿಲ್ಲ. ಬೇಗ ಹೋಗು ಎಂದರೆ ಹೋಗುವುದಲ್ಲ, ಅಂಜಬೇಡ ಎಂದರೆ ಕೇಳುವುದಲ್ಲ. ಮೂವರೂ ತೆರೆದ ಪೆಟ್ಟಿಗೆಯ ಸುತ್ತ, ಜ್ವರದ ಕೂಸಿನ ತೊಟ್ಟಿಲ ಸುತ್ತ ಕೂತಂತೆ ಕೂತರು. ದಾವಣಗೆರೆ ಬಸ್ಸು ಹಾರನ್ ಹೊಡೆದು ಹೋಯಿತು. ಕಲ್ಲೇಶ್ ಎದ್ದವನು ಮತ್ತೆ ಕೂತ. "ಗೆಳೆಯನ ಬೈಕ್ ಇಸ್ಕೊಂಡು ಹೋಗತೀನಿ ಬಿಡಕ್ಕಾ."

ಪರದೆಯಲ್ಲಿ ಅರಿಸಿನದ ಶಾಸ್ತ್ರ ಕಳೆಯಿತು. ಬಾಸಿಂಗ ಕಟ್ಟಿದರು. ವಾಲಗ ಏರಿತು, ತಾಳಿ ಎತ್ತಿ ಹಿಡಿದರು. ಸಮ್ರೀನ್ ಕಣ್ಣು ಮುಚ್ಚಿಕೊಂಡಳು.

"ಕಟ್ಟಿದ್ರು," ಎಂದ ಅಪ್ಪ, ಬಲು ಮೆಲ್ಲಗೆ.

ಅದಾದ ಮೇಲೂ ಎಷ್ಟೋ ಹೊತ್ತು ಊಟದ ಪಂಕ್ತಿ, ಉಡುಗೊರೆ, ಅಳು, ಎಲ್ಲ ಸಾಲಾಗಿ ಹೋದವು. ಕೆಲಸ ಎಷ್ಟಾಯಿತೆಂದು ತೋರುವ ಪರದೆಯ ಪಟ್ಟಿ ಪೂರ್ತಿ ತುಂಬಿತು. ಸಮ್ರೀನ್ ಮದುವೆಯನ್ನು ಪೆನ್‌ಡ್ರೈವ್‌ಗೆ ಇಳಿಸಿ, ಕಿತ್ತು, ಕಲ್ಲೇಶ್‌ನ ಅಂಗೈಯಲ್ಲಿಟ್ಟಳು.