ಬಗ್ಗಿದರೂ ಮುರಿಯದ ಕೋಲು

ಬೆರಳ ಸಂದಿಯಲ್ಲಿ ಮತ್ತೆ ಅದೇ ಕಪ್ಪು, ಎರಡು ಸಲ ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ, ಕಾಡಿಗೆಯಲ್ಲ, ಒಲೆಯ ಮಸಿಯಲ್ಲ, ಇಂಗಾಲದ ಪುಡಿ, ಪ್ಲಾಸ್ಟಿಕ್ಕಿನ ಕಾಳಿನ ಜೊತೆ ಬಿಸಿಯಲ್ಲಿ ಕಲಸುವ ಪುಡಿ, ಅಂಗೈ ಗೆರೆಗಳೊಳಗೆ ಕೂತುಬಿಟ್ಟಿದೆ — ಈ ಕೈಯಲ್ಲೇ ಅಲ್ಲವೇ ಅವತ್ತು ಕೋಲು ಹಿಡಿದು ಮನೆಗೆ ತಂದದ್ದು, ಹಾರೋಹಳ್ಳಿಯಿಂದ ಬಸ್ಸಿನಲ್ಲಿ, ಏನಜ್ಜಿ ದನ ಕಾಯಕ್ಕೆ ಹೊಂಟ್ಯಾ ಅಂತ ಕಂಡಕ್ಟರು ನಕ್ಕಿದ್ದ, ನಾನೂ ನಕ್ಕಿದ್ದೆ. ಇವತ್ತು ಅದೇ ಕೋಲು ಹಳೇ ಸೀರೆಯಲ್ಲಿ ಸುತ್ತಿಕೊಂಡು ಫ್ಯಾಕ್ಟರಿಗೆ ವಾಪಸ್ಸು ಬಂದಿದೆ, ಪರೀಕ್ಷೆಯ ಮೇಜಿನ ಕೆಳಗೆ ನನ್ನ ಕಾಲಿಗೆ ತಾಗುತ್ತಿದೆ, ತಣ್ಣಗೆ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ, ಐದಕ್ಕೆ ಮಗ ಬರುತ್ತಾನೆ ನನ್ನನ್ನು ಕರೆದುಕೊಂಡು ಹೋಗಲು, ಇವತ್ತಾದರೂ ಹೇಳಬೇಕು, ಹೋದ ವಾರವೂ ಹೀಗೇ ಅಂದುಕೊಂಡಿದ್ದೆ — ಕೋಲು ತಂದಾಗ ನನಗೆ ಇಲ್ಲಿ ಕಸ ಗುಡಿಸುವ ಕೆಲಸ, ಹಿಂದುಗಡೆ ಬೇಡದ ಕಪ್ಪು ಪ್ಲಾಸ್ಟಿಕ್ ಕೋಲುಗಳ ರಾಶಿ, ಬೇಕಾದ್ರೆ ತಗೊಂಡೋಗಮ್ಮ ಅಂದರು ಸೂಪರ್‌ವೈಜರು, ಒಂದನ್ನು ಬಗ್ಗಿಸಿ ನೋಡಿದೆ, ಬಿಲ್ಲಿನ ಹಾಗೆ ಬಗ್ಗಿತು, ಮುರಿಯಲಿಲ್ಲ. ಮನೆಗೆ ತಂದ ಮೇಲೆ ನಮ್ಮ ಯಜಮಾನರೂ ಬಗ್ಗಿಸಿ ನೋಡಿದರು, ಮಂಡಿಗೆ ಒತ್ತಿ, ಹಲ್ಲು ಕಚ್ಚಿ, ಥೂ ಇದರವ್ವನ, ಬಗ್ತೈತೆ ಮುರಿಯಕಿಲ್ಲ ಕಣಮ್ಮಿ ನಿನ್ನಂಗೆ ಅಂದರು. ರೇಷ್ಮೆ ಹುಳದ ಮನೆಯಲ್ಲಿ ಅವರಿಗೆ ಒಂದು ಕೋಲು ಯಾವಾಗಲೂ ಬೇಕು, ಹುಳ ಗೂಡು ಕಟ್ಟುವ ಬಿದಿರ ಚಂದ್ರಿಕೆ ಎತ್ತಿ ನಿಲ್ಲಿಸುವಾಗ ಬಲ್ಬಿನ ವೈರು ಅಡ್ಡ ಬರುತ್ತದೆ, ಕೋಲಿನಿಂದ ವೈರನ್ನು ಮೇಲಕ್ಕೆತ್ತಿ ತೊಲೆಯ ಮೊಳೆಗೆ ಸಿಕ್ಕಿಸುತ್ತಿದ್ದರು, ಹನ್ನೆರಡು ವರ್ಷ ಒಂದೇ ಬಿದಿರ ಕೋಲು, ಒಣಗಿ ಒಣಗಿ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಒಲೆಗೆ ಇಟ್ಟವಳು ನಾನು. ಹೊಸದು ಬಂತಲ್ಲ, ಹಳೇದು ಯಾಕೆ ಅಂತ. ಚೆನ್ನಾಗಿ ಉರಿಯಿತು, ಅವತ್ತಿನ ಮುದ್ದೆಗೆ ಅದೇ ಸೌದೆ.

ಕರೆಂಟಿಗೆ ಇದಾಯ್ತದಾ ಅಂತ ಅವರು ಕೇಳಿದ್ದರು, ಕೇಳದೆ ಇರಲಿಲ್ಲ, ನಾನೇ ಪುಸ್ತಕ ತಂದು ತೋರಿಸಿದೆ, ಐವತ್ತೆಂಟಕ್ಕೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕೂಡಿಸಲು ಕಲಿತವಳು, ಬೆರಳಿಟ್ಟು ಓದಿದೆ, ಮರ, ರಬ್ಬರು, ಪ್ಲಾಸ್ಟಿಕ್, ಇವುಗಳಲ್ಲಿ ವಿದ್ಯುತ್ ಹರಿಯುವುದಿಲ್ಲ, ಅಶೋಕ್ ಮೇಷ್ಟ್ರು ಅದರ ಕೆಳಗೆ ಗೆರೆ ಹೊಡೆಸಿದ್ದರು, ಯಜಮಾನರು ನಕ್ಕು, ಸರಿ ಕಣ್ ಮೇಷ್ಟ್ರಮ್ಮ, ನೀ ಹೇಳುದ್ಮೇಲೆ ಮುಗೀತು ಅಂದರು. ಮುಗಿಯಿತು. ಮೂರನೇ ದಿನ ಬೆಳಿಗ್ಗೆ ಹುಳದ ಮನೆಯ ನೆಲ ತೊಳೆದಿತ್ತು, ಒದ್ದೆ, ಬರಿಗಾಲು, ಮೇಲೆ ವೈರಿನ ಜಾಯಿಂಟಿನ ಟೇಪನ್ನು ಇಲಿ ಕಡಿದಿತ್ತು, ಯಾರಿಗೆ ಗೊತ್ತಿತ್ತು, ಕೂಗು ಕೂಡ ಕೇಳಲಿಲ್ಲ, ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತುಕೊಂಡು ಒಳಗೆ ಹೋದರೆ ಮಲಗಿದ್ದರು, ಕೋಲು ಪಕ್ಕದಲ್ಲಿ, ಹುಳುಗಳು ಸೊಪ್ಪು ತಿನ್ನುವ ಸದ್ದು, ಚರಚರ ಚರಚರ, ಸಣ್ಣ ಮಳೆಯ ಹಾಗೆ. ಜಾಯಿಂಟ್ ಬರಿದಾಗಿತ್ತು, ಯಾರು ವೈರಿಂಗ್ ಮಾಡಿದ್ದು ಅಂದರು ಲೈನ್‌ಮ್ಯಾನು. ನಾನೇ ಸಾರ್ ಅಂದ ಲೋಕೇಶ. ನನ್ನ ಮಗ. ಆ ಎರಡು ಮಾತಿನಲ್ಲೇ ಕುಸಿದುಹೋದ ಅವನು, ಅವತ್ತಿಂದ ಕಟಿಂಗ್ ಪ್ಲೇಯರ್ ಮುಟ್ಟಿಲ್ಲ, ಈಗ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ, ಮೊನ್ನೆ ನಡುಮನೆಯ ಬಲ್ಬು ಹೋಯಿತು, ಹಾಕಪ್ಪಾ ಅಂತು ಅವನ ಮಗಳು, ಎರಡು ದಿನ ಕತ್ತಲಲ್ಲೇ ಕೂತ, ಈ ಕೈ ನಮ್ಮಪ್ಪನ್ನ ತಿಂದ್ಬುಡ್ತು ಕಣವ್ವ ಅಂದ, ನಾನು ಅನ್ನಕ್ಕೆ ಸಾರು ಬಡಿಸಿದೆ. ಕೋಲು ಮಂಚದ ಕೆಳಗೇ ಇತ್ತು.

ಗೊತ್ತಿರಲಿಲ್ಲ ಅನ್ನಲಾ, ಮೊದಲು ಗೊತ್ತಿರಲಿಲ್ಲ ನಿಜ, ಅವರು ಹೋದ ಮೇಲೆ ಕನಿಕರದಿಂದ ನನ್ನನ್ನು ಈ ಪರೀಕ್ಷೆಯ ಕೋಣೆಗೆ ಹಾಕಿದರು, ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಕೊಡುವುದು, ನಂಬರು ಬರೆಯುವುದು. ಎಳೆಯುವ ಮಿಷನ್ನಿಗೆ ಒಂದು ಪಟ್ಟಿ, ಎಷ್ಟು ಎಳೆದರೆ ತುಂಡಾಗುತ್ತದೆ ಅಂತ, ಮೀಟರಿನ ಎರಡು ಕ್ಲಿಪ್ಪಿನ ನಡುವೆ ಇನ್ನೊಂದು, ಕರೆಂಟು ಎಷ್ಟು ಬಿಡುತ್ತದೆ ಅಂತ. ಪ್ಲಾಸ್ಟಿಕ್ಕಿನಲ್ಲಿ ಕರೆಂಟೆಲ್ಲಿ ಬತ್ತದವ್ವ ಅಂತ ನಾನೇ ನಕ್ಕಿದ್ದೆ, ಇಂಜಿನಿಯರು ಹುಡುಗಿ ಪದ್ಮಶ್ರೀ ಎಷ್ಟು ತಾಳ್ಮೆಯಿಂದ ಹೇಳಿತು, ಬರೀ ಪ್ಲಾಸ್ಟಿಕ್ಕಲ್ಲಿ ಬರಲ್ಲ ಅಜ್ಜಿ, ಕಪ್ಪು ಪುಡಿ ಸೇರಿದ್ರೆ ಬರುತ್ತೆ, ಒಂದು ಹದದವರೆಗೂ ಏನೂ ಆಗಲ್ಲ, ಹದ ದಾಟಿದ್ರೆ ಕಣಕ್ಕೆ ಕಣ ಮುಟ್ಟಿಕೊಂಡು ದಾರಿ ಆಗಿಬಿಡುತ್ತೆ, ಆದ್ರೆ ಪುಡಿ ಜಾಸ್ತಿ ಆದ್ರೆ ಹಪ್ಪಳದ ಥರ ಮುರಿಯುತ್ತೆ, ಅದಕ್ಕೇ ಎರಡು ಥರ ಪ್ಲಾಸ್ಟಿಕ್ ಬೆರೆಸೋದು, ಪುಡಿಯೆಲ್ಲ ಒಂದರಲ್ಲೇ ಹೋಗಿ ಕೂರುತ್ತೆ, ಕಮ್ಮಿ ಪುಡಿ ಸಾಕು, ಬಗ್ಗಿದ್ರೂ ಮುರಿಯಲ್ಲ, ಕರೆಂಟೂ ಹರಿಯುತ್ತೆ. ಬಗ್ಗಿದರೂ ಮುರಿಯುವುದಿಲ್ಲ. ಆ ಹುಡುಗಿ ಕ್ಲಿಪ್ಪು ಕಚ್ಚಿಸಿತು, ಮೀಟರಿನ ಗಾಜಿನೊಳಗೆ ಮುಳ್ಳು ಎದ್ದಿತು, ಬಲಕ್ಕೆ ವಾಲಿತು, ನಡುಗುತ್ತಾ ನಿಂತಿತು. ಒಂದು ವರ್ಷವಾಯಿತು, ಕಣ್ಣು ಮುಚ್ಚಿದರೆ ಅದೇ ಮುಳ್ಳು, ಆದರೂ ನನ್ನ ಕೋಲು ಹಾಗಿರಲಿಕ್ಕಿಲ್ಲ, ರಾಶಿಯಲ್ಲಿ ಹದ ದಾಟದವೂ ಇರುತ್ತವಲ್ಲ, ಪರೀಕ್ಷೆ ಮಾಡದಿದ್ದರೆ ಅದೂ ಇರಬಹುದು ಇದೂ ಇರಬಹುದು, ಆ ಇರಬಹುದು ಅನ್ನುವುದರೊಳಗೆ ಒಂದು ವರ್ಷ ಕೂತೆ, ಮಗ ಮೂಟೆ ಹೊರುತ್ತಿದ್ದ. ಇವತ್ತು ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಕಚ್ಚಿಸಿ ನೋಡಿದೆ — ಬಾಗಿಲಲ್ಲಿ ನೆರಳು, ಇಷ್ಟು ಬೇಗ ಐದಾಯಿತೇ, ಹೊಂಡವ್ವ, ಬಸ್ ತಪ್ಪೋಯ್ತದೆ, ಲೋಕೇಶ, ಭುಜದಲ್ಲಿ ಮೂಟೆ ತರಚಿದ ಗಾಯ, ನನ್ನ ಕೈ ಮೇಜಿನ ಕೆಳಗೆ ಹೋಗುತ್ತದೆ, ಸೀರೆ ಬಿಚ್ಚಿಕೊಳ್ಳುತ್ತದೆ, ಇದು ಅಪ್ಪನ ಕೋಲಲ್ವಾ, ಇಲ್ಯಾಕ್ ತಂದ್ಯವ್ವ ಅಂತಾನೆ, ಒಸಿ ಇತ್ಲಾಗ್ ಬಾ ಮಗ, ನಾ ಹೇಳೋಗಂಟ ಮಾತಾಡ್ಬ್ಯಾಡ, ಇದ್ನ ನೋಡು, ನಿಮ್ಮಪ್ಪನ್ನ ತಿಂದಿದ್ದು ನಿನ್ ಟೇಪಲ್ಲ, ಇದು, ನಾನು ತಂದದ್ದು, ನಾನು ಓದಿ ಹೇಳಿದ್ದು, ಒಂದು ಕ್ಲಿಪ್ಪು ಈ ತುದಿಗೆ, ಅವರು ಹಿಡಿದಿದ್ದ ತುದಿಗೆ, ಇನ್ನೊಂದು ಆ ತುದಿಗೆ, ಕಚ್ಚಿತು, ಅವನು ಬಗ್ಗಿ ನೋಡುತ್ತಿದ್ದಾನೆ, ಗಾಜಿನ ಮೇಲೆ ಅವನ ಮುಖ, ಅದರ ಹಿಂದೆ ಮುಳ್ಳು, ಏಳುತ್ತಿದೆ, ಬಲಕ್ಕೆ, ಮುಳ್ಳು